ಫೋಟೋ ತೆಗೆದಾಯ್ತು, ಮುಂದೇನು?

ನಮ್ಮ ಕ್ಯಾಂಪಸ್ಸಿನಲ್ಲಿ ಸ್ಫೂರ್ತಿಗೆ ಒಂದು ರೂಟ್ ಮ್ಯಾಪ್ ಇದೆ. ಇಂಟರ್ನಲ್ಸ್ ಮುಗಿದ ಶನಿವಾರ ಕಾಪು ಲೈಟ್‌ಹೌಸ್, ಭಾನುವಾರ ಮಲ್ಪೆ, ಹೊರಗಿನಿಂದ ಫ್ರೆಂಡ್ಸ್ ಬಂದರೆ ಸೇಂಟ್ ಮೇರೀಸ್ ದ್ವೀಪ, ಸೆಮಿಸ್ಟರ್ ಮುಗಿದರೆ ಕುದುರೆಮುಖ, ಪ್ಲೇಸ್‌ಮೆಂಟ್ ಆದರೆ ಮನಾಲಿ. ಹೋಗಿ ಬಂದವರ ಸ್ಟೇಟಸ್ ನೋಡಿದರೆ ಎಲ್ಲರದ್ದೂ ಒಂದೇ ಫೋಟೋ. ಸೂರ್ಯ ಮುಳುಗುತ್ತಿದ್ದಾನೆ, ಲೈಟ್‌ಹೌಸ್ ಕಪ್ಪಾಗಿ ನಿಂತಿದೆ, ಮುಂದೆ ಒಬ್ಬರು ನಮಗೆ ಬೆನ್ನು ಹಾಕಿ ಸಮುದ್ರ ನೋಡುತ್ತಿದ್ದಾರೆ. ಕೆಳಗೆ 'ಇನ್‌ಸ್ಪೈರ್ಡ್' ಅಂತ ಒಂದು ಪದ. ಸೋಮವಾರ ಬೆಳಗ್ಗೆ ಮ್ಯಾಥ್ಸ್ ಕ್ಲಾಸಿನಲ್ಲಿ ಕೂತಾಗ ಆ ಸ್ಫೂರ್ತಿ ಯಾವ ಸ್ಟಾಪಿನಲ್ಲಿ ಇಳಿದು ಹೋಯಿತೋ ಯಾರಿಗೂ ಗೊತ್ತಿಲ್ಲ.

ಗೇಲಿ ಮಾಡುವುದು ನನ್ನ ಉದ್ದೇಶ ಅಲ್ಲ ಮಾರಾಯ್ರೆ. "ಫೋನ್ ಜೇಬಿನಲ್ಲಿಡಿ, ಕಣ್ಣಿಂದ ನೋಡಿ" ಎನ್ನುವ ಉಪದೇಶವನ್ನೂ ನಾನು ಒಪ್ಪುವುದಿಲ್ಲ. ಫೋನ್ ಇಲ್ಲದ ಕಾಲದಲ್ಲಿ ಜನ ಎಲ್ಲವನ್ನೂ ಧ್ಯಾನಿಸಿ ನೋಡುತ್ತಿದ್ದರು ಅನ್ನುವುದಕ್ಕೆ ಏನು ಸಾಕ್ಷಿ ಇದೆ? ನನ್ನ ವಾದ ಇಷ್ಟೆ: ಫೋಟೋ ಇನ್ನೂ ಜಾಸ್ತಿ ತೆಗೆಯಿರಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಾವು ನೋಡಿದ್ದರಿಂದ ಸ್ಫೂರ್ತಿ ಬರುತ್ತದೆ ಅಂದುಕೊಂಡಿದ್ದೇವೆ. ನನಗೆ ಕಾಣುವ ಮಟ್ಟಿಗೆ ಅದು ಬರುವುದು ನೋಡಿದ ಮೇಲೆ ಹುಟ್ಟುವ ಪ್ರಶ್ನೆಯಿಂದ, ಆ ಪ್ರಶ್ನೆಯ ಹಿಂದೆ ಹೋಗುವ ಕೆಲಸದಿಂದ. ಪ್ರಶ್ನೆ ಹುಟ್ಟದಿದ್ದರೆ ಮನಾಲಿಯೂ ಒಂದು ವಾಲ್‌ಪೇಪರ್ ಅಷ್ಟೆ.

ಕಾಪುವಿನಿಂದಲೇ ಶುರು ಮಾಡೋಣ. ಆ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಗೋಪುರದ ಎತ್ತರ ಸುಮಾರು 27 ಮೀಟರ್, ನಿಂತಿರುವುದು ದಡದ ಒಂದು ಬಂಡೆಯ ಮೇಲೆ. ಇಷ್ಟನ್ನು ಬಹಳ ಜನ ಓದಿರುತ್ತಾರೆ. ಈಗ ಒಂದು ಲೆಕ್ಕ ಮಾಡಿ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ವರ್ಗಮೂಲ ಹಾಕಿ 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. 27 ಮೀಟರಿಗೆ ಅದು ಸುಮಾರು 18.5 ಕಿ.ಮೀ. ಬಂಡೆಯ ಎತ್ತರವನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಮುಂದೆ. ಅಂದರೆ ಭೂಮಿ ಗುಂಡಗಿದೆ ಎನ್ನುವ ಒಂದೇ ಕಾರಣಕ್ಕೆ ಇಷ್ಟು ಎತ್ತರದ ಗೋಪುರ ಬೇಕಾಯಿತು. ಬಂಡೆ ಇದ್ದ ಜಾಗವನ್ನೇ ಆರಿಸಿದ್ದಕ್ಕೂ ಅರ್ಥ ಸಿಕ್ಕಿತು: ಪುಕ್ಕಟೆ ಎತ್ತರ ಸಿಗುತ್ತದೆ, ಅಡಿಪಾಯವೂ ಗಟ್ಟಿ.

ಇನ್ನೊಂದು ಪ್ರಶ್ನೆ. ಇಡೀ ಸಮುದ್ರಕ್ಕೆ ಕಾಣುವಷ್ಟು ಬೆಳಕನ್ನು ಒಂದು ದೀಪದಿಂದ ಹೇಗೆ ಕಳಿಸುತ್ತಾರೆ? 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಎನ್ನುವ ಎಂಜಿನಿಯರ್ ಲೈಟ್‌ಹೌಸ್‌ಗಳಿಗೆಂದೇ ಒಂದು ಲೆನ್ಸ್ ರೂಪಿಸಿದ. ದಪ್ಪ ಗಾಜಿನ ಉಂಡೆಯ ಬದಲು ಉಂಗುರ ಉಂಗುರವಾಗಿ ಕತ್ತರಿಸಿದ ತೆಳು ಗಾಜು. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪ ಬರೀ ಭಾರ ಅಂತ ಅವನಿಗೆ ಹೊಳೆದಿತ್ತು. ಈಗ ನಿಮ್ಮ ಫೋನಿನ ಫ್ಲ್ಯಾಶನ್ನು ಹತ್ತಿರದಿಂದ ನೋಡಿ. ಎಷ್ಟೋ ಫೋನುಗಳಲ್ಲಿ ಅದರ ಮೇಲೆ ಸಣ್ಣ ಸಣ್ಣ ಉಂಗುರಗಳ ಪ್ಲಾಸ್ಟಿಕ್ ಇರುತ್ತದೆ. ಅದೇ ಫ್ರೆನೆಲ್. ಲೈಟ್‌ಹೌಸಿನ ಫೋಟೋ ತೆಗೆಯಲು ಎತ್ತಿ ಹಿಡಿದ ಫೋನಿನೊಳಗೇ ಲೈಟ್‌ಹೌಸಿನ ಐಡಿಯಾ ಕೂತಿದೆ! ಇದು ಗೊತ್ತಾದ ದಿನ ನನಗೆ ಆದ ಖುಷಿ ಯಾವ ಸೂರ್ಯಾಸ್ತದಿಂದಲೂ ಆಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ಕ್ಯಾಮೆರಾ ಹಿಡಿದರೂ ಇಂಥದ್ದೊಂದು ಸಿಗುತ್ತದೆ. ಸೇಂಟ್ ಮೇರೀಸ್‌ನ ಕಲ್ಲುಕಂಬಗಳನ್ನು ಯಾರೂ ಕೆತ್ತಿದ್ದಲ್ಲ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಗದ್ದೆಯ ಕೆಸರು ಒಣಗಿ ಬಿರುಕು ಬಿಡುವ ಹಾಗೆ ಬಿರುಕು ಬಿಟ್ಟಿದ್ದು. ಐದು ಮೂಲೆ, ಆರು ಮೂಲೆ ಯಾಕೆ ಬಂತು ಅಂತ ಕೇಳಿದರೆ ಅಲ್ಲಿಂದ ಹೀಟ್ ಟ್ರಾನ್ಸ್‌ಫರ್ ಮತ್ತು ಸ್ಟ್ರೆಸ್‌ನ ಪಾಠ ತೆರೆದುಕೊಳ್ಳುತ್ತದೆ. ಕಾರ್ಕಳದ ಗೊಮ್ಮಟ 1432ರದ್ದು, ಎತ್ತರ 42 ಅಡಿ. ಮೂರ್ತಿಯ ಕೆಳಗೆ ನಿಂತು ಸೆಲ್ಫಿ ತೆಗೆಯುವ ಮೊದಲು ಇಷ್ಟು ದೊಡ್ಡ ಕಲ್ಲು ಆ ಬೋಳು ಬಂಡೆಯ ಮೇಲೆ ಹೇಗೆ ಬಂತು ಅಂತ ಒಂದು ಸಲ ಯೋಚಿಸಿ. ಕ್ರೇನ್ ಇಲ್ಲ, ಹೈಡ್ರಾಲಿಕ್ಸ್ ಇಲ್ಲ. ಮೂರ್ತಿಯನ್ನು ಬಂಡಿಯ ಮೇಲೆ ಎಳೆದು ತಂದ ವರ್ಣನೆ ಚಂದ್ರಮ ಕವಿಯ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯಲ್ಲಿ ಇದೆ. ನಮ್ಮ ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನವರಿಗೆ ಇದಕ್ಕಿಂತ ಒಳ್ಳೆಯ ಮಿನಿ ಪ್ರಾಜೆಕ್ಟ್ ಬೇಕಾ?

ಎಂಜಿನಿಯರಿಂಗ್ ಪ್ರಶ್ನೆ ಕೇಳಿದರೆ ಮಾತ್ರ ನೋಡಿದ ಹಾಗೆ ಅಂತ ನಾನು ಹೇಳುತ್ತಿಲ್ಲ. ಕಲೆಯ ಕಣ್ಣು ಬೇರೆಯದೇ ಪ್ರಶ್ನೆ ಕೇಳುತ್ತದೆ. ಅದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ: ಕೆ.ಕೆ. ಹೆಬ್ಬಾರ್. ಪೂರ್ತಿ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್, ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಓದಿ ಬಂದವರು. ಬಾಲಿವರೆಗೆ ಪ್ರವಾಸ ಮಾಡಿದವರು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂತು. ಆದರೆ ನನಗೆ ಬಹಳ ಇಷ್ಟವಾದ ವಿಷಯ ಬೇರೆ. ಲಯ ಅಂದರೇನು ಅಂತ ಗೊತ್ತಾಗಬೇಕು ಅಂತ ಈ ಮನುಷ್ಯ ಕಥಕ್ ಕಲಿತರು. ವೇದಿಕೆ ಹತ್ತುವುದಕ್ಕಲ್ಲ, ಗೆರೆ ಎಳೆಯುವುದಕ್ಕೆ! ಅವರ ರೇಖಾಚಿತ್ರಗಳಲ್ಲಿ ಒಂದು ಕುಣಿಯುವ ದೇಹಕ್ಕೆ ನಾಲ್ಕೈದು ಗೆರೆ ಇರುತ್ತದೆ, ಆದರೂ ಹೆಜ್ಜೆ ಕೇಳಿಸಿದ ಹಾಗಾಗುತ್ತದೆ. ನೃತ್ಯ ನೋಡಿ "ವಾವ್" ಅಂದು ಬಿಟ್ಟಿದ್ದರೆ ಆ ಗೆರೆ ಬರುತ್ತಿರಲಿಲ್ಲ. ತನಗೆ ಹಿಡಿಸಿದ ವಸ್ತುವಿನ ಒಳಗೆ ಇಳಿದು, ಅದರ ಕಷ್ಟ ಏನು ಅಂತ ಸ್ವಂತ ಮೈಯಲ್ಲಿ ತಿಳಿದುಕೊಂಡರು. ಅವರ ಹೆಸರಿನ ಗ್ಯಾಲರಿ ಮಣಿಪಾಲದಲ್ಲಿದೆ. ಬೆಂಗಳೂರಿನವರಿಗೆ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲೂ ಅವರ ಕೃತಿಗಳು ಸಿಗುತ್ತವೆ. ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ, ಕೈ ಎತ್ತಿ ನೋಡೋಣ.

ಫೋಟೋಗ್ರಫಿಯ ವಿಷಯಕ್ಕೆ ಬಂದರೆ ನಾನು ಹೆಸರಿಸುವುದು ಡಾ. ಕೃಷ್ಣಾನಂದ ಕಾಮತರನ್ನು. ಹೊನ್ನಾವರದಲ್ಲಿ 1934ರಲ್ಲಿ ಹುಟ್ಟಿದವರು, ವಿಜ್ಞಾನಿ, ಅಮೆರಿಕಕ್ಕೆ ಹೋಗಿ ಕೀಟಗಳ ಬಗ್ಗೆ ಓದಿ ಡಾಕ್ಟರೇಟ್ ತಂದವರು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಸ್ತರ್, ರಾಜಸ್ಥಾನ, ಬಂಗಾಳ ಅಂತ ತಿರುಗಿದರು, ಕನ್ನಡದಲ್ಲಿ ಪ್ರವಾಸ ಪುಸ್ತಕ ಬರೆದರು. ಅಷ್ಟು ತಿರುಗಿದವರು ಮನೆ ಹತ್ತಿರದ ಗೋಡೆಗಳನ್ನು ಮರೆಯಲಿಲ್ಲ. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಬಿಳಿ ಮೇಲೆ ಕೆಂಪು ಬಣ್ಣದ ಚಿತ್ರಗಳನ್ನು ನೋಡಿರಬಹುದು, ಅದಕ್ಕೆ ಕಾವಿ ಕಲೆ ಅಂತ ಹೆಸರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರ ಹಚ್ಚಿ, ಹಸಿ ಇರುವಾಗಲೇ ಮೊನಚು ಕಡ್ಡಿಯಿಂದ ಕೆರೆದು ಕೆಳಗಿನ ಬಿಳಿ ಕಾಣಿಸುವ ಹಾಗೆ ಮಾಡುತ್ತಾರೆ. ಬಣ್ಣ ಗಾರೆಯ ಭಾಗವೇ ಆಗಿ ಗಟ್ಟಿಯಾಗುವುದರಿಂದ ನಮ್ಮ ಊರಿನ ಮಳೆಯನ್ನೂ ತಡೆದುಕೊಂಡು ಬಾಳಿಕೆ ಬರುತ್ತದೆ. ಮಳೆಯನ್ನು ತಡೆದುಕೊಂಡ ಆ ಗೋಡೆಗಳು ಜೀರ್ಣೋದ್ಧಾರವನ್ನು ತಡೆದುಕೊಳ್ಳಲಿಲ್ಲ. ಹಳೆ ಗೋಡೆ ಕೆಡವಿ ಸಿಮೆಂಟು, ಟೈಲ್ಸ್, ಎನಾಮೆಲ್ ಪೇಂಟ್ ಬಂದ ಕಡೆಯೆಲ್ಲ ಕಾವಿ ಹೋಯಿತು. ಕಾಮತರು ಊರೂರು ತಿರುಗಿ ಅವುಗಳ ಫೋಟೋ ತೆಗೆದು, ಬರೆದು, ದಾಖಲೆ ಮಾಡಿದರು. ಗೋಡೆ ಹೋದ ಮೇಲೆ ಉಳಿಯುವುದು ಅಂಥ ಫೋಟೋ ಮಾತ್ರ. ಒಂದು ಫೋಟೋಗೆ ಇಷ್ಟು ಬೆಲೆ ಇರುತ್ತದೆ ಅನ್ನುವುದು ಗೊತ್ತಾದರೆ ನಾವು ಕ್ಯಾಮೆರಾ ಹಿಡಿಯುವ ದಿಕ್ಕೇ ಬದಲಾಗಬಹುದು.

ಈಗ ನಮ್ಮೂರಿನ ವಿಷಯ. ನನ್ನದು ಎಲ್ಲೂರು. ಹಾಸ್ಟೆಲಿನಲ್ಲಿ ಹುಬ್ಬಳ್ಳಿ ಕಡೆಯ ಗೆಳೆಯನಿಗೆ ಹೇಳಿದರೆ "ಎಲ್ಲಾ ಊರೂ ನಿಂದೇ ಏನಲೇ?" ಅಂತ ನಗುತ್ತಾನೆ. ಕಾಪು ತಾಲೂಕಿನ ಊರು ಅಂದರೂ ಯಾರಿಗೂ ಗೊತ್ತಾಗುವುದಿಲ್ಲ. ಪವರ್ ಪ್ಲಾಂಟ್ ಇರುವ ಊರು ಅಂದರೆ ತಕ್ಷಣ ಗೊತ್ತಾಗುತ್ತದೆ. ವಿಶ್ವೇಶ್ವರ ದೇವಸ್ಥಾನದಿಂದ ಗುರುತಿಸಿಕೊಳ್ಳುತ್ತಿದ್ದ ಊರನ್ನು ಈಗ ಚಿಮಣಿಯಿಂದ ಗುರುತಿಸುತ್ತಾರೆ.

ಎಲ್ಲೂರಿನ ಪಕ್ಕದಲ್ಲೇ ಕುಂಜೂರು. ಅಲ್ಲಿನ ದುರ್ಗಾ ದೇವಸ್ಥಾನಕ್ಕೆ ನಮ್ಮ ಕಡೆಯವರೆಲ್ಲ ಹೋಗುತ್ತೇವೆ. ಆದರೆ ಕುಂಜೂರಿನ ಅತ್ಯಂತ ಚಂದದ ಮನೆಯನ್ನು ನೋಡಬೇಕಾದರೆ ನೀವು ಮಣಿಪಾಲಕ್ಕೆ ಹೋಗಬೇಕು. ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ 'ಕುಂಜೂರು ಚೌಕಿ ಮನೆ' ಅಂತ ಒಂದಿದೆ. ಸುಮಾರು ಇನ್ನೂರು ವರ್ಷ ಹಳೆಯದು. ನಡುವೆ ಅಂಗಳ, ನಾಲ್ಕು ಸುತ್ತ ಜಗಲಿ, ಕೆತ್ತನೆಯ ಮರದ ಕಂಬ, ಇಳಿಜಾರು ಮಾಡು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಮಾಡು ಅಷ್ಟು ಕಡಿದಾಗಿ ಯಾಕಿದೆ, ಅಂಗಳದ ನೀರು ಎಲ್ಲಿಗೆ ಹೋಗುತ್ತದೆ, ಫ್ಯಾನ್ ಇಲ್ಲದೆ ಒಳಗೆ ಯಾಕೆ ತಂಪಾಗಿರುತ್ತದೆ, ಎಲ್ಲಕ್ಕೂ ಆ ಮನೆಯಲ್ಲಿ ಉತ್ತರ ಇದೆ. ಬಿಸಿ ಗಾಳಿ ಅಂಗಳದಿಂದ ಮೇಲೆ ಹೋಗುತ್ತದೆ, ಜಗಲಿಯ ನೆರಳಿನಿಂದ ತಂಪು ಗಾಳಿ ಒಳಗೆ ಬರುತ್ತದೆ. ನಾವು ಪಿಪಿಟಿಯಲ್ಲಿ 'ಪ್ಯಾಸಿವ್ ಕೂಲಿಂಗ್' ಅಂತ ಓದುವುದನ್ನು ಮರದ ಆಚಾರಿಗಳು ಸ್ಲೈಡ್ ಇಲ್ಲದೆ ಕಟ್ಟಿಟ್ಟಿದ್ದಾರೆ.

ಈ ಮನೆ ಮಣಿಪಾಲಕ್ಕೆ ಬಂದದ್ದು ವಿಜಯನಾಥ ಶೆಣೈ ಅವರಿಂದ. ಅವರು ಆರ್ಕಿಟೆಕ್ಟ್ ಅಲ್ಲ, ಶ್ರೀಮಂತ ಕಲೆಕ್ಟರ್ ಕೂಡ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಹಳೆ ಮನೆಗಳನ್ನು ಕೆಡವಿ ಕಂಬ, ಬಾಗಿಲುಗಳನ್ನು ಮರದ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವರು ಅವನ್ನು ಉಳಿಸಲು ಹೊರಟರು. ಒಂದೊಂದು ಮನೆಯನ್ನೂ ಬಿಚ್ಚಿ, ತಂದು, ಮತ್ತೆ ಮೊದಲಿನ ಹಾಗೆ ಜೋಡಿಸಿದರು. ಕರಾವಳಿಯ ಮನೆಗಳಷ್ಟೇ ಅಲ್ಲ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರು ಭವನ ಕೂಡ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಒಬ್ಬ ಬ್ಯಾಂಕ್ ನೌಕರ ತನಗೆ ಇಷ್ಟವಾದದ್ದನ್ನು ನೋಡಿ ಸುಮ್ಮನಿರಲು ಆಗದೆ ಒಂದು ಊರನ್ನೇ ಕಟ್ಟಿಬಿಟ್ಟರು. ಸ್ಫೂರ್ತಿ ಅನ್ನುವ ಪದವನ್ನು ನಾನು ಇಂಥ ಕಡೆ ಬಳಸುತ್ತೇನೆ.

ಆದರೂ ಆ ಚೌಕಿ ಮನೆ ನೋಡಿದಾಗ ನನಗೆ ಖುಷಿಯ ಜೊತೆ ಒಂದು ಸಂಕಟವೂ ಆಗುತ್ತದೆ. ಮನೆ ಉಳಿಯಿತು, ಆದರೆ ಊರಿನಿಂದ ಹೊರಗೆ ಉಳಿಯಿತು. ಅದರ ಸುತ್ತ ಇದ್ದ ಗದ್ದೆ, ತೋಡು, ನಾಗಬನ ಬರಲಿಲ್ಲ. ಅವುಗಳನ್ನು ಬಿಚ್ಚಿ ಜೋಡಿಸಲು ಆಗುವುದಿಲ್ಲ. ಶೆಣೈ ಅವರ ಹಾಗೆ ಇನ್ನೊಬ್ಬರು ಬಂದು ಉಳಿದದ್ದನ್ನು ಎತ್ತಿಕೊಂಡು ಹೋಗಲಿ ಅಂತ ನಾವು ಕಾಯುವ ಹಾಗಿಲ್ಲ. ಆ ಕೆಲಸ ಊರಲ್ಲೇ ಇರುವ, ಕೈಯಲ್ಲಿ ಕ್ಯಾಮೆರಾ ಇರುವ ನಮ್ಮದು.

ಇಲ್ಲಿ ಇನ್ನೊಂದು ಮಾತು. ಕಾಪು ಲೈಟ್‌ಹೌಸ್ ಹತ್ತಿದವರು ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡುತ್ತಾರೆ. ಸಮುದ್ರಕ್ಕೆ ಬೆನ್ನು ಹಾಕಿ ಆಗ್ನೇಯಕ್ಕೆ ನೋಡಿದರೆ ತೆಂಗಿನ ತಲೆಗಳ ಮೇಲೆ ನಮ್ಮೂರಿನ ಚಿಮಣಿ ಕಾಣುತ್ತದೆ. ಆ ದಿಕ್ಕಿನ ಫೋಟೋವನ್ನು ನಾನು ಯಾರ ಸ್ಟೇಟಸ್‌ನಲ್ಲೂ ನೋಡಿಲ್ಲ. ತಲಾ 600 ಮೆಗಾವ್ಯಾಟಿನ ಎರಡು ಘಟಕ, ಒಟ್ಟು 1200. ಕಲ್ಲಿದ್ದಲು ಹಡಗಿನಲ್ಲಿ ಹೊರದೇಶದಿಂದ ಮಂಗಳೂರಿನ ಬಂದರಿಗೆ ಬಂದು ಅಲ್ಲಿಂದ ರೈಲಿನಲ್ಲಿ ಬರುತ್ತದೆ. ಕರೆಂಟು 400 ಕೆ.ವಿ. ಲೈನಿನಲ್ಲಿ ಘಟ್ಟ ಹತ್ತಿ ಹಾಸನದ ಕಡೆ ಹೋಗುತ್ತದೆ. ಸುತ್ತಲಿನ ಊರಿನವರು ಬೂದಿ ಮತ್ತು ಉಪ್ಪುನೀರಿನ ಬಗ್ಗೆ ವರ್ಷಗಟ್ಟಲೆ ದೂರು ಕೊಟ್ಟಿದ್ದಾರೆ, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಕೆಲಸ ಸಿಕ್ಕವರೂ ಅದೇ ಊರಲ್ಲಿ ಇದ್ದಾರೆ, ಜಮೀನು ಹೋದವರೂ ಇದ್ದಾರೆ. ಫೋಟೋದಲ್ಲಿ ಚಿಮಣಿ ಬಂದರೆ ಕ್ರಾಪ್ ಮಾಡುವುದು ನಮ್ಮ ಅಭ್ಯಾಸ. ಆದರೆ ಆ ಫೋಟೋ ಎಡಿಟ್ ಮಾಡುವ ಲ್ಯಾಪ್‌ಟಾಪಿಗೂ ಕರೆಂಟು ಇಂಥ ಚಿಮಣಿಗಳಿಂದಲೇ ಬರುತ್ತದೆ. ಕರಾವಳಿಯ ಚಂದ ತೋರಿಸುವ ಹೆಸರಿನಲ್ಲಿ ಅರ್ಧ ಕರಾವಳಿಯನ್ನು ಫ್ರೇಮಿನಿಂದ ಆಚೆ ಇಡುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ನಮ್ಮಲ್ಲೇ ಕೆಲವರು ಇಂಥ ಪ್ಲಾಂಟ್ ಡಿಸೈನ್ ಮಾಡುವವರು, ಕೆಲವರು ಇದರ ಬದಲು ಬೇರೆ ಏನಾದರೂ ಹುಡುಕುವವರು. ಎರಡೂ ಪಕ್ಷದವರಿಗೆ ಆಗ್ನೇಯ ದಿಕ್ಕಿನ ಆ ಫೋಟೋ ಬೇಕು.

"ಇದೆಲ್ಲ ಸರಿ, ಆದರೆ ಟೈಮ್ ಎಲ್ಲಿದೆ?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಅಟೆಂಡೆನ್ಸ್, ಅಸೈನ್‌ಮೆಂಟ್, ಕೋಡಿಂಗ್ ಪ್ರಾಕ್ಟೀಸ್, ಇದರ ನಡುವೆ ಸುತ್ತಾಟವೇ ಒಂದು ಬಿಡುವು, ಅಲ್ಲೂ ಹೋಮ್‌ವರ್ಕ್ ಕೊಡ್ತೀಯಾ ಅಂತ ಕೇಳಬಹುದು. ನ್ಯಾಯವಾದ ಮಾತು. ಸುಮ್ಮನೆ ಅಲೆ ನೋಡುತ್ತಾ ಕೂರುವುದಕ್ಕೂ ಬೆಲೆ ಇದೆ, ಅದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಅದನ್ನು ವಿಶ್ರಾಂತಿ ಅಂತ ಕರೆಯೋಣ. ವಿಶ್ರಾಂತಿಯನ್ನೇ ಸ್ಫೂರ್ತಿ ಅಂತ ಕರೆದರೆ ಆಮೇಲೆ ಏನೂ ಹುಟ್ಟದಿದ್ದಾಗ "ಇನ್ನೂ ದೂರ ಹೋಗಬೇಕಿತ್ತು" ಅನಿಸುತ್ತದೆ. ದೂರ ಹೋಗಲು ದುಡ್ಡು ಬೇಕು. ದುಡ್ಡು ಇಲ್ಲದವರು ತಮಗೆ ಸ್ಫೂರ್ತಿಯೇ ದಕ್ಕದು ಅಂತ ಸುಮ್ಮನಾಗುತ್ತಾರೆ. ಇದು ನಮ್ಮ ಕ್ಯಾಂಪಸ್ಸಿನಲ್ಲೇ ನಡೆಯುತ್ತಿದೆ. ಬಜ್ಪೆಯಲ್ಲಿ ವಿಮಾನ ಹತ್ತುವವರಿಗೆ ಮಾತ್ರ ಕಣ್ಣು ಇರುವುದಾ? ಕಟ್ಟಿಂಗೇರಿ, ಕುಂಜೂರು, ಕಾರ್ಕಳ ಎಲ್ಲಕ್ಕೂ ಊಟ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ಬರಬಹುದು.

ಕೋಲಕ್ಕೆ ಕ್ಯಾಮೆರಾ ತೆಗೆದುಕೊಂಡು ಹೋಗುವವರಿಗೂ ಒಂದು ಮಾತು. 2022ರಲ್ಲಿ 'ಕಾಂತಾರ' ಬಂದ ಮೇಲೆ ದೈವದ ಮುಖವರ್ಣಿಕೆಯ ಕ್ಲೋಸ್‌ಅಪ್ ಎಲ್ಲರಿಗೂ ಬೇಕಾಗಿದೆ. ಕೋಲ ನಮ್ಮ ಮನೆಗಳಲ್ಲಿ ಶೋ ಅಲ್ಲ. ಕಟ್ಟಿದವರು ರಾತ್ರಿಯಿಡೀ ಆ ಭಾರ ಹೊತ್ತು ನಿಲ್ಲುತ್ತಾರೆ, ಎದುರಿಗೆ ಕೂತವರು ತಮ್ಮ ಕಷ್ಟ ಹೇಳಿಕೊಳ್ಳಲು ಬಂದಿರುತ್ತಾರೆ. ಕೇಳಿ ತೆಗೆಯಿರಿ, ಬೇಡ ಅಂದರೆ ಕ್ಯಾಮೆರಾ ಮುಚ್ಚಿ ಕೂತು ನೋಡಿ. ಅಣಿಯನ್ನು ಯಾವ ಗರಿಯಿಂದ ಕಟ್ಟಿದರು, ಎಷ್ಟು ಹೊತ್ತು ಹಿಡಿಯಿತು, ಪಾಡ್ದನದಲ್ಲಿ ಯಾರ ಕಥೆ ಬಂತು ಅಂತ ಮರುದಿನ ಕೇಳಿದರೆ ಹಿರಿಯರು ಖುಷಿಯಿಂದ ಹೇಳುತ್ತಾರೆ. ಆ ಮಾತುಕತೆ ಯಾವ ಲೆನ್ಸಿನಲ್ಲೂ ಸಿಗುವುದಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದು ಏನು? ನಮ್ಮ ಕನ್ನಡ ಸಂಘದ ಮುಂದೆ ಒಂದು ಸಣ್ಣ ಪ್ರಸ್ತಾಪ ಇಡುತ್ತೇನೆ. ಪ್ರತಿ ವರ್ಷ ಫೋಟೋಗ್ರಫಿ ಸ್ಪರ್ಧೆ ಮಾಡುತ್ತೇವೆ, ಥೀಮ್ 'ನೇಚರ್', 'ಸ್ಮೈಲ್', 'ಸನ್‌ಸೆಟ್'. ಈ ಸಲ ಥೀಮ್ ಬದಲಿಸೋಣ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ವಸ್ತುವಿನ ಫೋಟೋ ಕೊಡಲಿ: ಮನೆ, ಗೋಡೆ, ಕಟ್ಟೆ, ಏತ, ದೋಣಿ, ಯಕ್ಷಗಾನದ ಕಿರೀಟ, ಹಂಚಿನ ಕಾರ್ಖಾನೆ, ಬೇಕಾದರೆ ಚಿಮಣಿ. ಫೋಟೋದ ಕೆಳಗೆ ಕನ್ನಡದಲ್ಲಿ ಮೂರು ಉತ್ತರ ಇರಬೇಕು. ಇದನ್ನು ಯಾರು ಮಾಡಿದರು? ಯಾವುದರಿಂದ ಮಾಡಿದರು? ಯಾಕೆ ಹೀಗೇ ಮಾಡಿದರು? ಫಿಲ್ಟರಿಗೆ ಮಾರ್ಕ್ಸ್ ಇಲ್ಲ, ಉತ್ತರಕ್ಕೆ ಮಾರ್ಕ್ಸ್.

ಕನ್ನಡದಲ್ಲಿ ಯಾಕೆ ಅಂದರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ 'ಪಿಲ್ಲರ್' ಗೊತ್ತು, 'ವರಾಂಡ' ಗೊತ್ತು. ಬೋದಿಗೆ, ಜಂತಿ, ಪಕ್ಕಾಸು, ಮುಚ್ಚಿಗೆ ಅನ್ನುವ ಪದಗಳು ಸಿಗುವುದು ಅಜ್ಜನ ಹತ್ತಿರ, ಆಚಾರಿಯ ಹತ್ತಿರ. ಪಕ್ಕಾಸು ಅಂದರೆ ಹಂಚಿನ ಭಾರ ಹೊರುವ ಇಳಿಜಾರು ಮರ. ಹೆಸರು ಗೊತ್ತಾದ ಕೂಡಲೇ ಅದು ಕಣ್ಣಿಗೆ ಬೇರೆಯಾಗಿ ಕಾಣಲು ಶುರುವಾಗುತ್ತದೆ. ಅಲ್ಲಿವರೆಗೆ ಅದು ಬರೀ 'ಹಳೇ ಮನೆ'. ಫೋಟೋ ತೆಗೆಯುವ ನೆಪದಲ್ಲಿ ಪದವೂ ಬಂದರೆ ಎರಡು ಲಾಭ.

ಬಂದ ಫೋಟೋಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿ ಮರೆಯುವ ಬದಲು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕೋಣ. ಅಲ್ಲಿ ಊರಿನ ಹೆಸರು, ದಿನಾಂಕ ಹಾಕಿ ಇಟ್ಟರೆ ಯಾರು ಬೇಕಾದರೂ ಬಳಸಬಹುದು. ಕನ್ನಡ ವಿಕಿಪೀಡಿಯ ಇದೆ, 2016ರಿಂದ ತುಳು ವಿಕಿಪೀಡಿಯವೂ ಇದೆ. ನಮ್ಮ ಊರುಗಳ ಪುಟ ತೆರೆದು ನೋಡಿ, ಎಷ್ಟೋ ಕಡೆ ಒಂದು ಫೋಟೋ ಇಲ್ಲ. ರಾತ್ರಿ ಎರಡು ಗಂಟೆವರೆಗೆ ಎಚ್ಚರ ಇರುವ ನಮಗೆ ಇದು ದೊಡ್ಡ ಕೆಲಸವೇ?

ಮಳೆಗಾಲ ಮುಗಿಯುತ್ತಾ ಬಂತು. ದಸರಾ ರಜೆಗೆ ಎಲ್ಲರೂ ಊರಿಗೆ ಹೋಗುತ್ತೀರಿ. ಯಾರದಾದರೂ ಮನೆಯಲ್ಲಿ "ಹಳೇ ಮನೆ ತೆಗೆದು ಆರ್‌ಸಿಸಿ ಹಾಕೋದು" ಅನ್ನುವ ಮಾತು ನಡೆಯುತ್ತಿದ್ದೇ ಇರುತ್ತದೆ. ಬೇಡ ಅನ್ನುವ ಹಕ್ಕು ನಮಗಿಲ್ಲದಿರಬಹುದು. ಸೋರುವ ಮಾಡಿನ ಕೆಳಗೆ ಇರುವವರು ಅವರು, ರಿಪೇರಿಗೆ ಆಚಾರಿ ಸಿಗದೆ ಒದ್ದಾಡುವವರೂ ಅವರೇ. ಆದರೆ ಮನೆ ಬೀಳುವ ಮೊದಲು ಅದರ ಪ್ರತಿ ಕೋಣೆಯ ಫೋಟೋ ತೆಗೆಯುವುದು ನಮ್ಮ ಕೈಯಲ್ಲಿದೆ. ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದಕ್ಕೂ ಹೆಸರು ಕೇಳಿ ಬರೆದುಕೊಳ್ಳಿ. ಫಸ್ಟ್ ಇಯರಿನಲ್ಲಿ ಎಲ್ಲರೂ ಡ್ರಾಯಿಂಗ್ ಕಲಿತಿದ್ದೇವೆ, ಒಂದು ಪ್ಲಾನ್ ಬಿಡಿಸಲು ಬರುತ್ತದೆ. ಚಾರ್ಜರ್ ಜೊತೆ ಒಂದು ಅಳತೆ ಟೇಪ್ ಕೂಡ ಬ್ಯಾಗಿಗೆ ಹಾಕಿಕೊಳ್ಳಿ.